ಮೂರೂವರೆ ವರ್ಷದ ಮಗಳು, ಎರಡು ವಾರದ ರಜೆ, ಮೂರು ದಿನದ ಸುತ್ತಾಟ, ಮೂರೂ ದಿನ ಅಳು: ನೀವು ಹೇಗೆ ನಿಭಾಯಿಸುತ್ತೀರಿ?

ನೀಲಿಕೊಡೆ:
ಮಗಳ ಶಿಶುವಿಹಾರಕ್ಕೆ ಬೇಸಿಗೆ ರಜೆ ಶುರುವಾದಾಗ ನಾನೂ ಕಚೇರಿಗೆ ಎರಡು ವಾರ ರಜೆ ಹಾಕಿದೆ. ವರ್ಷವಿಡೀ ಅವಳು ನನ್ನನ್ನು ನೋಡುವುದು ಬೆಳಗಿನ ಅವಸರದಲ್ಲಿ, ಇಲ್ಲವೇ ರಾತ್ರಿಯ ಆಯಾಸದಲ್ಲಿ. ಈ ಹದಿನಾಲ್ಕು ದಿನವಾದರೂ ಪೂರ್ತಿ ಅವಳದಾಗಲಿ ಎಂದು ಪಟ್ಟಿ ಬರೆದಿಟ್ಟುಕೊಂಡೆ. ಮೃಗಾಲಯ, ನೀರಾಟದ ಉದ್ಯಾನ, ವಸ್ತುಸಂಗ್ರಹಾಲಯ, ಕೆರೆಯ ದಂಡೆ, ದೊಡ್ಡ ಆಟದ ಮೈದಾನ, ಹೀಗೆ ಒಟ್ಟು ಎಂಟು ಜಾಗ.

ಮೂರು ದಿನ ಕಳೆದಿವೆ. ಮೂರೂ ಅಳುವಿನಲ್ಲೇ ಮುಗಿದವು. ನಿನ್ನೆ ಮೃಗಾಲಯಕ್ಕೆ ಒಂದೂವರೆ ಗಂಟೆ ಬಸ್ಸಿನಲ್ಲಿ ಹೋದೆವು. ಆನೆಯ ಮುಂದೆ ಎರಡು ನಿಮಿಷ ನಿಂತಳು. ಅಷ್ಟರಲ್ಲಿ ಕಾಲ ಬಳಿ ಇರುವೆಯ ಸಾಲು ಕಂಡಿತು. ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತವಳು ಇಪ್ಪತ್ತು ನಿಮಿಷ ಏಳಲಿಲ್ಲ. "ಬಾ ಪುಟ್ಟಿ, ಹುಲಿ ನೋಡೋಣ, ಜಿರಾಫೆ ನೋಡೋಣ" ಎಂದು ಕೈ ಹಿಡಿದು ಎಳೆದೆ. ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತಳು. ನಡುಹಗಲಿನ ಬಿಸಿಲಿನಲ್ಲಿ ಅವಳನ್ನು ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆಯುವಾಗ ನನಗೂ ಅಳು ಬಂತು. ವಾಪಸ್ ಬರುವಾಗ ಬಸ್ಸಿನಲ್ಲಿ ನಿದ್ದೆ, ರಾತ್ರಿ ಹನ್ನೊಂದರವರೆಗೆ ಎಚ್ಚರ.

ಪಟ್ಟಿಯಲ್ಲಿ ಇನ್ನೂ ಐದು ಜಾಗ ಉಳಿದಿವೆ. ಮುಂದುವರಿಸಲೇ, ಬಿಟ್ಟುಬಿಡಲೇ? ಸಣ್ಣ ಮಕ್ಕಳನ್ನು ಬೇಸಿಗೆಯಲ್ಲಿ ಹೊರಗೆ ಕರೆದುಕೊಂಡು ಹೋಗುವವರು ದಿನವನ್ನು ಹೇಗೆ ಕಳೆಯುತ್ತೀರಿ?

ಸಂಜೆಗಾಳಿ:
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲ! ಅವಳಿಗೆ ಇರುವೆ ಬೇಕಿತ್ತು, ನಿಮಗೆ ಹುಲಿ ಬೇಕಿತ್ತು.

ಎರಡುಜಡೆ:
ಸಂಜೆಗಾಳಿಯವರೇ, ಹಾಗೆ ಹೇಳುವುದು ಸುಲಭ. ಟಿಕೆಟ್ ಕೊಂಡು, ನೀರು, ಬಟ್ಟೆ, ತಿಂಡಿಯ ಚೀಲ ಹೊತ್ತು, ಬಸ್ಸಿನಲ್ಲಿ ಒಂದೂವರೆ ಗಂಟೆ ಕಳೆದವರಿಗೆ ಇರುವೆಯ ಮುಂದೆ ಕೂರುವ ತಾಳ್ಮೆ ಎಲ್ಲಿಂದ ಬರಬೇಕು? ನನಗೆ ಅವಳಿ ಹೆಣ್ಣುಮಕ್ಕಳು, ಐದು ವರ್ಷ. ಒಬ್ಬಳಿಗೆ ಇರುವೆ ಬೇಕು, ಇನ್ನೊಬ್ಬಳಿಗೆ ಹುಲಿಯೇ ಬೇಕು. ತಾಯಿ ಎಳೆದಳೆಂದು ತಪ್ಪು ಹೊರಿಸಬೇಡಿ.

ಸಂಜೆಗಾಳಿ:
ತಪ್ಪು ಹೊರಿಸಿಲ್ಲ. ನಾನೂ ಎಳೆದವನೇ. ಮಗನನ್ನು ನಾನೊಬ್ಬನೇ ಬೆಳೆಸುತ್ತಿದ್ದೇನೆ. ಭಾನುವಾರ ಬಂದರೆ ಆರು ದಿನದ ಬಾಕಿಯನ್ನೆಲ್ಲ ಒಂದೇ ದಿನದಲ್ಲಿ ತೀರಿಸಿಬಿಡಬೇಕೆಂಬ ಹಟ ನನಗಿತ್ತು. ಅವನಿಗೆ ಅಂಥ ಬಾಕಿಯ ಲೆಕ್ಕ ಯಾವುದೂ ಇರಲಿಲ್ಲ ಎಂಬುದು ಅರ್ಥವಾಗಲು ಎರಡು ಬೇಸಿಗೆ ಹಿಡಿಯಿತು. ನೀಲಿಕೊಡೆಯವರ ಮಾತಿನಲ್ಲಿ ಅದೇ ಹಟ ಕಂಡಿತು, ಅದಕ್ಕೇ ಅಷ್ಟು ನೇರವಾಗಿ ಬರೆದೆ.

ಗಣಿತಮೇಷ್ಟ್ರು:
ಒಂದು ವಿಷಯ ಯಾರೂ ಹೇಳಲಿಲ್ಲ. ಐದು ವರ್ಷದೊಳಗಿನ ಮಕ್ಕಳ ಚಟುವಟಿಕೆ ಮತ್ತು ನಿದ್ದೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈಚಟುವಟಿಕೆ ಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಓಟ, ಜಿಗಿತ ಇರಬೇಕು. ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ಮಲಗಬೇಕು. ಮುಖ್ಯವಾದದ್ದು ಇನ್ನೊಂದು: ತಳ್ಳುಗಾಡಿಯಲ್ಲೋ ಕುರ್ಚಿಯಲ್ಲೋ ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು.

ಈಗ ನಿನ್ನೆಯ ಲೆಕ್ಕ ನೋಡಿ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಮೂರು ಗಂಟೆ ಕುಳಿತೇ ಕಳೆಯಿತು. ಓಡಬೇಕಾದ ಮೂರು ಗಂಟೆ ಬಸ್ಸಿಗೆ ಹೋಯಿತು, ಮಲಗಬೇಕಾದ ಹೊತ್ತು ಬಿಸಿಲಿಗೆ ಹೋಯಿತು. ಮಗು ಅತ್ತದ್ದು ಹಟದಿಂದ ಎಂದು ನಾನು ಒಪ್ಪುವುದಿಲ್ಲ.

ನೀಲಿಕೊಡೆ:
ಹೀಗೆ ಲೆಕ್ಕ ಹಾಕಿ ನೋಡಿರಲಿಲ್ಲ. ಅವಳು ಮಧ್ಯಾಹ್ನ ಮಲಗುವ ಹೊತ್ತಿಗೇ ನಾವು ಮೃಗಾಲಯದಲ್ಲಿ ಇದ್ದೆವು.

ಅಂಗಳದಜ್ಜ:
ನನಗೆ ಎಪ್ಪತ್ತೆರಡು. ಮೊಮ್ಮಗನಿಗೆ ನಾಲ್ಕು. ಈ ನಿಮಿಷಗಳ ಲೆಕ್ಕ ಓದಿದರೆ ಸಂಕಟವಾಗುತ್ತದೆ. ನಾವು ಬೇಸಿಗೆಯಲ್ಲಿ ಬೆಳಿಗ್ಗೆ ಹೊರಗೆ ಹೋದರೆ ಕತ್ತಲಾದ ಮೇಲೆ ಮನೆ ಸೇರುತ್ತಿದ್ದೆವು. ಬಿಸಿಲು, ಟೋಪಿ, ಮುಲಾಮು ಒಂದೂ ಕೇಳಲಿಲ್ಲ. ಮಕ್ಕಳನ್ನು ಬಿಟ್ಟುಬಿಡಿ, ಅವರೇ ಆಡಿಕೊಳ್ಳುತ್ತಾರೆ.

ಬಿಳಿಸೆರಗು:
ಹಿರಿಯರೇ, ನೀವು ಹೇಳುವ ಸ್ವಾತಂತ್ರ್ಯ ಮಕ್ಕಳಿಗೆ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಬಿಸಿಲಿನ ವಿಷಯದಲ್ಲಿ ಸುಮ್ಮನಿರಲಾರೆ. ಹದಿನಾರು ವರ್ಷದಿಂದ ಮಕ್ಕಳ ವಾರ್ಡಿನಲ್ಲಿ ದಾದಿಯಾಗಿದ್ದೇನೆ.

ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಹೊರಗಿನ ಗಾಳಿ ಮೈಗಿಂತ ಬಿಸಿಯಾಗಿರುವ ದಿನ ಆ ಬಿಸಿಯೆಲ್ಲ ಬೇಗನೆ ಒಳಗಿಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಆಟದಲ್ಲಿ ಮುಳುಗಿದ ಮಗು ಬಾಯಾರಿಕೆಯನ್ನು ಹೇಳುವುದಿಲ್ಲ. ಕೇಳಿದಾಗ ಕೊಡುತ್ತೇನೆ ಎಂದು ಕಾಯಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ನೀವೇ ಕುಡಿಸಿ. ಮೂತ್ರದ ಬಣ್ಣ ಗಾಢವಾಗಿದ್ದರೆ, ಗಂಟೆಗಟ್ಟಲೆ ಮೂತ್ರವೇ ಹೋಗದಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ನೀರು ಬೇಡ, ಹಾಲನ್ನೇ ಹೆಚ್ಚು ಸಲ ಕೊಡಬೇಕು.

ಸುಸ್ತು, ತಲೆನೋವು, ವಾಕರಿಕೆ, ವಿಪರೀತ ಬೆವರು ಕಂಡರೆ ಆಟ ಅಲ್ಲಿಗೆ ನಿಲ್ಲಬೇಕು. ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ, ಗಾಳಿ ಬೀಸಿ. ಮಗು ತೊದಲಿದರೆ, ಗೊಂದಲಗೊಂಡರೆ, ಕರೆದರೆ ಓಗೊಡದಿದ್ದರೆ ಅದು ಬಿಸಿಲಾಘಾತ ಇರಬಹುದು. ಮೈಯ ಉಷ್ಣತೆ 40 ಡಿಗ್ರಿ ಮೀರಿರುತ್ತದೆ. ಆಗ ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೆ ಮೈ ತಂಪು ಮಾಡುತ್ತಲೇ ಇರಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಅಂಗಳದಜ್ಜ:
ದಾದಿಯಮ್ಮ, ನೀವು ಹೇಳಿದ್ದಕ್ಕೆ ಎದುರಾಡುವುದಿಲ್ಲ. ನಮ್ಮ ಜೊತೆಗಾರನೊಬ್ಬ ಬಿಸಿಲಲ್ಲಿ ತಲೆಸುತ್ತಿ ಬಿದ್ದದ್ದು ನಿಮ್ಮ ಬರಹ ಓದುವಾಗ ನೆನಪಾಯಿತು. ಕೆರೆಯ ನೀರು ಸುರಿದು ಎಬ್ಬಿಸಿದ್ದೆವು. "ನಮಗೇನೂ ಆಗಲಿಲ್ಲ" ಎಂದು ಬರೆಯಲು ಹೊರಟಿದ್ದೆ, ಆ ಮಾತು ನಿಜವಲ್ಲ.

ಹೊಸಚಪ್ಪಲಿ:
ಸನ್‌ಸ್ಕ್ರೀನ್ ಹಚ್ಚಬೇಕೇ ಬೇಡವೇ? ನಮ್ಮ ಮನೆಯಲ್ಲಿ ಇದಕ್ಕೇ ದಿನಾ ವಾದ.

ಬಿಳಿಸೆರಗು:
ಆರು ತಿಂಗಳಾದ ಮೇಲೆ ಹಚ್ಚಬಹುದು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಂಕ) 30 ಅಥವಾ ಹೆಚ್ಚಿನದು, ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದು ಬಂದಾಗ ಮತ್ತೊಮ್ಮೆ. ಆದರೆ ಅದನ್ನೇ ನಂಬಿ ನಡುಹಗಲಲ್ಲಿ ಆಡಲು ಬಿಡಬೇಡಿ. ಮೊದಲು ನೆರಳು, ಆಮೇಲೆ ಅಗಲ ಅಂಚಿನ ಟೋಪಿ ಮತ್ತು ತೋಳು ಮುಚ್ಚುವ ಸಡಿಲ ಬಟ್ಟೆ, ಕೊನೆಗೆ ಮುಲಾಮು. ಕೂಸಿನ ತಳ್ಳುಗಾಡಿಗೆ ಬಟ್ಟೆ ಹೊದಿಸಿ ನೆರಳು ಮಾಡುವವರನ್ನು ಎಲ್ಲೆಡೆ ನೋಡುತ್ತೇನೆ. ಗಾಳಿ ಆಡದೆ ಒಳಗೆ ಬಿಸಿ ಕೂಡುತ್ತದೆ. ಅದು ಬೇಡವೇ ಬೇಡ.

ಗಣಿತಮೇಷ್ಟ್ರು:
ಬಿಸಿಲು ಎಷ್ಟು ತೀಕ್ಷ್ಣವಾಗಿದೆ ಎಂದು ತಿಳಿಯಲು ಮೊಬೈಲ್ ಬೇಡ. ಮಗುವಿನ ನೆರಳು ಮಗುವಿಗಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಅತಿನೇರಳೆ ಕಿರಣ ಜೋರಾಗಿದೆ ಎಂದು ತಿಳಿಯಿರಿ. ನೆರಳು ಉದ್ದವಿದ್ದರೆ ಅಷ್ಟು ಭಯವಿಲ್ಲ. ನನ್ನ ನಾಲ್ಕು ವರ್ಷದ ಮಗನಿಗೆ ಇದನ್ನು ಕಲಿಸಿದ್ದೇನೆ. "ಅಪ್ಪಾ, ನಾನು ಗಿಡ್ಡ ಆದೆ, ಮನೆಗೆ ಹೋಗೋಣ" ಎಂದು ಅವನೇ ಹೇಳುತ್ತಾನೆ. ನಾನು ಕರೆದರೆ ಅಳುತ್ತಿದ್ದವನು ನೆರಳು ಕರೆದರೆ ಬರುತ್ತಾನೆ!

ಎರಡುಜಡೆ:
ಇದು ಬಹಳ ಚೆನ್ನಾಗಿದೆ. ನಾಳೆಯೇ ಮಾಡುತ್ತೇನೆ.

ದಾರಿಹೋಕ:
ಪ್ರಯಾಣವೇ ಕಷ್ಟ ಎನ್ನುವವರಿಗೆ ನನ್ನ ಸಲಹೆ: ಕಾರಿನಲ್ಲಿ ಹೋಗಿ. ಮಗು ನಿದ್ದೆ ಮಾಡಿದರೆ ಎಬ್ಬಿಸಬೇಡಿ, ಗಾಜು ಸ್ವಲ್ಪ ಇಳಿಸಿ, ನೆರಳಲ್ಲಿ ನಿಲ್ಲಿಸಿ, ಹತ್ತು ನಿಮಿಷದಲ್ಲಿ ಟಿಕೆಟ್ ಕೆಲಸ ಮುಗಿಸಿ ಬನ್ನಿ. ನಾವು ಹೀಗೇ ಮಾಡುತ್ತೇವೆ.

ಬಿಳಿಸೆರಗು:
ದಾರಿಹೋಕರೇ, ದಯವಿಟ್ಟು ಇನ್ನೊಂದು ಸಲವೂ ಹಾಗೆ ಮಾಡಬೇಡಿ. ಒಂದು ನಿಮಿಷಕ್ಕೂ ಬೇಡ. ಮಗುವನ್ನು ಎಬ್ಬಿಸಿ, ಅಳಲಿ, ಎತ್ತಿಕೊಂಡು ಹೋಗಿ.

ಗಣಿತಮೇಷ್ಟ್ರು:
ಗಾಜು ಇಳಿಸಿದರೆ ಸಾಕು ಎಂಬುದು ತಪ್ಪು ನಂಬಿಕೆ. ನಿಲ್ಲಿಸಿದ ಕಾರಿನ ಒಳಗಿನ ಬಿಸಿಯನ್ನು ಅಳೆದ ಅಧ್ಯಯನವೊಂದು 2005ರಲ್ಲಿ ಅಮೆರಿಕದ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದಿದೆ. ಒಂದು ಗಂಟೆಯಲ್ಲಿ ಒಳಗಿನ ಉಷ್ಣತೆ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಆ ಏರಿಕೆಯ ನೂರಕ್ಕೆ 80 ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಹೊರಗೆ ಹಿತವಾದ ಹವೆ ಇದ್ದ ದಿನಗಳಲ್ಲೂ ಹೀಗೇ. ಗಾಜನ್ನು ಸ್ವಲ್ಪ ತೆರೆದಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ದಾರಿಹೋಕ:
ಓದಿ ಕೈಕಾಲು ತಣ್ಣಗಾದವು. ನನಗೆ ನಿಜವಾಗಿಯೂ ತಿಳಿದಿರಲಿಲ್ಲ. ಇದುವರೆಗೆ ಏನೂ ಆಗದಿದ್ದದ್ದು ನಮ್ಮ ಪುಣ್ಯ. ಮೇಲಿನ ನನ್ನ ಸಲಹೆಯನ್ನು ಯಾರೂ ಪಾಲಿಸಬೇಡಿ. ಅಳಿಸುವುದಿಲ್ಲ, ಇವರಿಬ್ಬರ ಉತ್ತರವನ್ನು ಓದಬೇಕಾದವರು ಓದಲಿ.

ಮೀನುಮರಿ:
ನೀಲಿಕೊಡೆಯವರ ಪಟ್ಟಿಯಲ್ಲಿ ನೀರಾಟದ ಉದ್ಯಾನವೂ ಕೆರೆಯೂ ಇರುವುದರಿಂದ ಬರೆಯುತ್ತಿದ್ದೇನೆ. ಮಕ್ಕಳಿಗೆ ಈಜು ಕಲಿಸುವುದು ನನ್ನ ಕೆಲಸ. ನೀರಿನಲ್ಲಿ ಮುಳುಗುವ ಮಗು ಕೈ ಬೀಸುವುದಿಲ್ಲ, ಕೂಗುವುದಿಲ್ಲ. ಉಸಿರಿಗೇ ಗಾಳಿ ಸಾಲದಿರುವಾಗ ಕೂಗಲು ಎಲ್ಲಿಂದ ತರಬೇಕು? ಸದ್ದಿಲ್ಲದೆ, ಒಂದು ನಿಮಿಷದೊಳಗೆ ಆಗಿಹೋಗುತ್ತದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳೇ ನೀರಿಗೆ ಹೆಚ್ಚು ಬಲಿಯಾಗುವುದು. ಮೊಣಕಾಲಷ್ಟು ನೀರೂ ಬೇಡ, ಬಕೆಟ್ಟಿನ ತಳದ ನೀರೂ ಸಾಕು.

ಹಾಗಾಗಿ ದೊಡ್ಡವರು ನೀರಿನ ಒಳಗಿರಬೇಕು, ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರ. ದಂಡೆಯ ಮೇಲೆ ಕುಳಿತು ನೋಡುತ್ತಿದ್ದರೆ ಸಾಲದು. ತೋಳಿಗೆ ಸಿಕ್ಕಿಸುವ ಗಾಳಿ ತುಂಬಿದ ಪಟ್ಟಿಗಳು ಆಟಿಕೆಗಳಷ್ಟೇ, ಅವುಗಳನ್ನು ನಂಬಬೇಡಿ. ತಿಳಿನೀಲಿ ಈಜುಡುಗೆಯನ್ನೂ ಕೊಳ್ಳಬೇಡಿ. ನೀಲಿ ತಳದ ಕೊಳದಲ್ಲಿ ನನ್ನ ಪಳಗಿದ ಕಣ್ಣಿಗೇ ಆ ಬಣ್ಣ ತಪ್ಪಿಹೋಗುತ್ತದೆ. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ ಇರಲಿ.

ಹೊಸಚಪ್ಪಲಿ:
ಇಬ್ಬರು ಮಕ್ಕಳಿದ್ದು ಒಬ್ಬರೇ ಹೋದರೆ?

ಮೀನುಮರಿ:
ಹೋಗಬೇಡಿ. ಕಟುವಾಗಿ ಕೇಳಿಸುತ್ತದೆ, ಆದರೂ ಇದನ್ನೇ ಹೇಳುತ್ತೇನೆ. ಇನ್ನೊಬ್ಬ ದೊಡ್ಡವರು ಜೊತೆಗಿರುವ ದಿನಕ್ಕೆ ನೀರನ್ನು ಮುಂದೂಡಿ.

ಎರಡುಜಡೆ:
ಹೀಗೆ ಒಂದೊಂದನ್ನೇ ಬೇಡ ಎನ್ನುತ್ತಾ ಹೋದರೆ ಕೊನೆಗೆ ಮನೆಯಲ್ಲಿ ಮೊಬೈಲ್ ಕೊಟ್ಟು ಕೂರಿಸುವುದೊಂದೇ ಉಳಿಯುತ್ತದೆ. ನೆನಪಿನಲ್ಲಿ ಉಳಿಯುವುದು ದೊಡ್ಡ ಸುತ್ತಾಟಗಳೇ. ನನ್ನ ಅಪ್ಪ ನನ್ನನ್ನು ಮೊದಲ ಸಲ ಸಮುದ್ರಕ್ಕೆ ಕರೆದುಕೊಂಡು ಹೋದದ್ದು ಇಂದಿಗೂ ಕಣ್ಣ ಮುಂದಿದೆ. ಅಂದು ನಾನೂ ಅತ್ತಿರಬಹುದು, ಅದು ನೆನಪಿಲ್ಲ. ನೀಲಿಕೊಡೆಯವರೇ, ಪಟ್ಟಿಯನ್ನು ಬಿಡಬೇಡಿ.

ಗಣಿತಮೇಷ್ಟ್ರು:
ಆಗ ನಿಮಗೆಷ್ಟು ವರ್ಷ?

ಎರಡುಜಡೆ:
ಏಳು.

ಗಣಿತಮೇಷ್ಟ್ರು:
ಅದೇ ವ್ಯತ್ಯಾಸ. ಬಹುತೇಕ ದೊಡ್ಡವರ ಮೊಟ್ಟಮೊದಲ ನೆನಪು ಸುಮಾರು ಮೂರು, ಮೂರೂವರೆ ವರ್ಷದ್ದು. ಅದೂ ಬಿಡಿಬಿಡಿ ಚಿತ್ರಗಳು. ಈ ಮಗು ಹುಲಿಯನ್ನೂ ಮರೆಯುತ್ತದೆ, ಜಿರಾಫೆಯನ್ನೂ ಮರೆಯುತ್ತದೆ.

ಸಂಜೆಗಾಳಿ:
ಮೇಷ್ಟ್ರೇ, ಈ ವಾದವನ್ನು ನಾನು ಒಪ್ಪುವುದಿಲ್ಲ. ಮುಂದೆ ನೆನಪಿರುವುದಿಲ್ಲ ಎಂಬ ಕಾರಣಕ್ಕೆ ಇಂದಿನ ಸಂತೋಷ ಕಡಿಮೆಯಾಗುತ್ತದೆಯೇ? ಮಗ ಎರಡು ವರ್ಷದವನಿದ್ದಾಗ ಮಳೆನೀರಿನ ಗುಂಡಿಯಲ್ಲಿ ಒಂದು ಗಂಟೆ ಕುಣಿದ. ಅವನಿಗೆ ಈಗ ಅದು ನೆನಪಿಲ್ಲ. ಆ ಒಂದು ಗಂಟೆ ಮಾತ್ರ ಪೂರ್ತಿ ಅವನದಾಗಿತ್ತು. ನನಗೆ ನೆನಪಿದೆ, ಅಷ್ಟು ಸಾಕು.

ಗಣಿತಮೇಷ್ಟ್ರು:
ಹಾಗೆ ನೋಡಿದರೆ ನೀವು ಹೇಳುವುದು ಸರಿ. ನಾನು ಹೇಳಬೇಕೆಂದಿದ್ದದ್ದು ಇಷ್ಟೇ: ನೆನಪಿಗಾಗಿ ಮಗುವನ್ನು ಎಳೆದಾಡುವುದು ಬೇಡ.

ಎರಡುಜಡೆ:
ಅವಳಿಗಳಿಗೆ ಈಗ ಐದು. ಹಾಗಾದರೆ ನನಗೆ ಎರಡು ವರ್ಷ ಉಳಿದಿದೆ. ಸಮುದ್ರವನ್ನು ಕಾಯಿಸುತ್ತೇನೆ, ಕೈಬಿಡುವುದಿಲ್ಲ.

ಮರಳುಮನೆ:
ದೊಡ್ಡ ಜಾಗಗಳಿಗೆ ಹೋಗುವವರಿಗೆ ನನ್ನ ಅನುಭವ ಹೇಳುತ್ತೇನೆ. ಹೋದ ಬೇಸಿಗೆ ಜನಜಂಗುಳಿಯಲ್ಲಿ ಮಗ ಕೈ ತಪ್ಪಿದ. ನಾಲ್ಕು ನಿಮಿಷ. ಸಿಕ್ಕವರಲ್ಲೆಲ್ಲ ಕೇಳುತ್ತಾ ಓಡಿದೆ. "ಅಂಗಿ ಯಾವ ಬಣ್ಣ?" ಎಂದು ಒಬ್ಬರು ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಬೆಳಿಗ್ಗೆ ನಾನೇ ತೊಡಿಸಿದ ಅಂಗಿ! ಮಗು ಬಲೂನಿನವರ ಪಕ್ಕ ನಿಂತಿತ್ತು.

ಈಗ ಮನೆ ಬಿಡುವ ಮುನ್ನ ಬಾಗಿಲಲ್ಲಿ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ಒಂದು ಫೋಟೊ ತೆಗೆಯುತ್ತೇನೆ. ಮುಂಗೈ ಮೇಲೆ ಪೆನ್ನಿನಲ್ಲಿ ನನ್ನ ಮೊಬೈಲ್ ಸಂಖ್ಯೆ ಬರೆಯುತ್ತೇನೆ, ಹೆಸರು ಬರೆಯುವುದಿಲ್ಲ. "ಅಮ್ಮ ಕಾಣದಿದ್ದರೆ ಹುಡುಕಬೇಡ, ನಿಂತಲ್ಲೇ ನಿಲ್ಲು, ಅಮ್ಮಾ ಎಂದು ಜೋರಾಗಿ ಕೂಗು, ನಾನೇ ಬರುತ್ತೇನೆ" ಎಂದು ದಾರಿಯುದ್ದಕ್ಕೂ ಹೇಳಿಸುತ್ತೇನೆ.

ಹೊಸಚಪ್ಪಲಿ:
ಫೋಟೊದ ಉಪಾಯ ಇಂದೇ ಅನುಸರಿಸುತ್ತೇನೆ. ನನ್ನದೂ ಒಂದು ಸೇರಿಸಲೇ? ಜಾರುಬಂಡೆ ಹತ್ತಿಸುವ ಮೊದಲು ನಿಮ್ಮ ಅಂಗೈ ಹಿಂಭಾಗವನ್ನು ಅದರ ಮೇಲೆ ಐದು ಸೆಕೆಂಡು ಇಡಿ. ನಿಮಗೆ ತಾಳಲಾಗದಿದ್ದರೆ ಮಗುವಿನ ತೊಡೆಗೂ ಆಗದು. ಲೋಹ ಮಾತ್ರವಲ್ಲ, ಪ್ಲಾಸ್ಟಿಕ್ಕೂ ಸುಡುತ್ತದೆ, ಆಟದ ಮೈದಾನಕ್ಕೆ ಹಾಸುವ ರಬ್ಬರೂ ಸುಡುತ್ತದೆ.

ಅಂಗಳದಜ್ಜ:
ನನಗೆ ಆ ಇರುವೆಯ ಮಾತು ಇಷ್ಟವಾಯಿತು. ನೀಲಿಕೊಡೆಯಮ್ಮ, ಇರುವೆಯ ಸಾಲಿನ ಮೇಲೆ ಬೆರಳಿನಿಂದ ಅಡ್ಡಲಾಗಿ ಒಮ್ಮೆ ಒರೆಸಿ ನೋಡಿ. ಸಾಲು ಅಲ್ಲೇ ಒಡೆದು ಇರುವೆಗಳು ಅತ್ತ ಇತ್ತ ತಡಕಾಡುತ್ತವೆ. ಮುಂದೆ ಹೋದ ಇರುವೆ ನೆಲಕ್ಕೆ ಬಿಟ್ಟ ವಾಸನೆಯ ಗುರುತೇ ಅವುಗಳ ದಾರಿ. ಸ್ವಲ್ಪ ಹೊತ್ತಿಗೆ ಒಂದು ಇರುವೆ ಧೈರ್ಯ ಮಾಡಿ ದಾಟುತ್ತದೆ, ಅದರ ಹಿಂದೆ ಇನ್ನೊಂದು. ಮೊಮ್ಮಗ ಉಸಿರು ಬಿಗಿಹಿಡಿದು ನೋಡುತ್ತಾನೆ. ಕಚ್ಚುವ ಜಾತಿಯಾದರೆ ಕಡ್ಡಿ ಬಳಸಿ.

ಗಣಿತಮೇಷ್ಟ್ರು:
ಸಾಲಿನಲ್ಲಿ ದುಡಿಯುವ ಇರುವೆಗಳೆಲ್ಲ ಹೆಣ್ಣೇ ಎಂಬುದನ್ನೂ ಹೇಳಿ. ನನ್ನ ಮಗ ಆ ದಿನದಿಂದ ಅವುಗಳನ್ನು "ಅಕ್ಕಂದಿರು" ಎನ್ನುತ್ತಾನೆ.

ಹೊಸಚಪ್ಪಲಿ:
ನಮ್ಮ ಮಗಳು ನಿನ್ನೆ "ಬೇಸಿಗೆಯಲ್ಲಿ ಯಾಕೆ ಸೆಕೆ?" ಎಂದು ಕೇಳಿದಳು. ಸೂರ್ಯ ಹತ್ತಿರ ಬರುತ್ತಾನೆ ಎಂದುಬಿಟ್ಟೆ. ಸರಿ ತಾನೇ?

ಗಣಿತಮೇಷ್ಟ್ರು:
ಅಲ್ಲ! ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದ ಕೆಲವು ತಿಂಗಳು ನಮ್ಮ ಅರ್ಧ ಸೂರ್ಯನ ಕಡೆ ಬಾಗಿರುತ್ತದೆ, ಕಿರಣ ನೆತ್ತಿಯ ಮೇಲೆ ನೆಟ್ಟಗೆ ಬೀಳುತ್ತದೆ, ಹಗಲೂ ಉದ್ದವಾಗುತ್ತದೆ. ಕತ್ತಲ ಕೋಣೆಯಲ್ಲಿ ಒಂದು ಚೆಂಡಿನ ಮೇಲೆ ಟಾರ್ಚ್ ಬಿಟ್ಟು ತೋರಿಸಿ. ನೆಟ್ಟಗೆ ಬಿದ್ದಲ್ಲಿ ಬೆಳಕು ಚಿಕ್ಕದಾಗಿ, ಪ್ರಖರವಾಗಿರುತ್ತದೆ. ಓರೆಯಾಗಿ ಬಿದ್ದಲ್ಲಿ ಹರಡಿ ಮಂಕಾಗುತ್ತದೆ. ಮಧ್ಯಾಹ್ನ ಒಳಗೆ ಕೂರಬೇಕಾದ ಹೊತ್ತಿಗೆ ಒಳ್ಳೆಯ ಆಟ.

ಮರಳುಮನೆ:
ಒಳಗಿನ ಆಟ ಎಂದಮೇಲೆ ಸೋಪಿನ ಗುಳ್ಳೆಯನ್ನು ಮರೆಯಬೇಡಿ. ನೀರಿಗೆ ಸೋಪಿನ ಜೊತೆ ಕೆಲವು ಹನಿ ಗ್ಲಿಸರಿನ್ ಹಾಕಿದರೆ ನೀರು ಬೇಗ ಆರದೆ ಗುಳ್ಳೆ ಹೆಚ್ಚು ಹೊತ್ತು ಬಾಳುತ್ತದೆ. ಹೊರಗೆ ಊದುವುದಾದರೆ ಬೆಳಗಿನ ತೇವದ ಗಾಳಿಯಲ್ಲಿ ಊದಿ.

ನೀಲಿಕೊಡೆ:
ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಇಂದು ನಡೆದದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ಆರೂವರೆಗೆ ಮನೆಯ ಹಿಂದಿನ ಖಾಲಿ ಜಾಗಕ್ಕೆ ಹೋದೆವು. ನಡೆದು ನಾಲ್ಕು ನಿಮಿಷ. ಕೈಯಲ್ಲಿ ಒಂದು ಬಾಟಲಿ ನೀರು, ಟೋಪಿ, ಎರಡು ತುಂಡು ಸೀಮೆಸುಣ್ಣ. ಮೊಬೈಲನ್ನು ಚೀಲದಿಂದ ತೆಗೆಯಲಿಲ್ಲ. ಅವಳನ್ನು ಕಲ್ಲುಚಪ್ಪಡಿಯ ಮೇಲೆ ನಿಲ್ಲಿಸಿ ನೆರಳಿನ ಸುತ್ತ ಗೆರೆ ಎಳೆದೆ. ತನಗಿಂತ ಮೂರು ಪಟ್ಟು ಉದ್ದದ ಹುಡುಗಿಯನ್ನು ನೋಡಿ ಕೇಕೆ ಹಾಕಿದಳು. ಗಂಟೆಗೊಮ್ಮೆ ಅದೇ ಜಾಗದಲ್ಲಿ ನಿಂತು ಮತ್ತೆ ಬರೆಸಿಕೊಂಡಳು. ಪ್ರತಿ ಸಲವೂ ಹುಡುಗಿ ಗಿಡ್ಡವಾದಳು, ಪಕ್ಕಕ್ಕೂ ಸರಿದಳು.

ನಡುವೆ ಇರುವೆ. ಅಜ್ಜ ಹೇಳಿದಂತೆ ಸಾಲನ್ನು ಒರೆಸಲು ಅವಳಿಗೇ ಹೇಳಿದೆ. ಒರೆಸಿದಳು. ಇರುವೆಗಳು ದಿಕ್ಕುತಪ್ಪಿ ಸುತ್ತತೊಡಗಿದಾಗ ಅವಳ ಮುಖ ಸಣ್ಣದಾಯಿತು. "ಅಮ್ಮಾ, ಅವು ಹೇಗೆ ಮನೆಗೆ ಹೋಗುತ್ತವೆ? ದಾರಿ ಮತ್ತೆ ಬರೆದುಕೊಡು" ಎಂದು ಸೀಮೆಸುಣ್ಣವನ್ನು ನನ್ನ ಕೈಗಿತ್ತಳು. ಕಾಯೋಣ ಎಂದೆ. ಇಬ್ಬರೂ ಕುಕ್ಕರಗಾಲಿನಲ್ಲಿ ಕುಳಿತು ಕಾದೆವು. ಒಂದು ಇರುವೆ ದಾಟಿತು. "ಹೋಯಿತು! ಹೋಯಿತು!" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ವರ್ಷವಿಡೀ ಅವಳು ನನ್ನನ್ನು ಹಾಗೆ ತಬ್ಬಿಕೊಂಡದ್ದು ನನಗೆ ನೆನಪಿಲ್ಲ.

ಒಂಬತ್ತೂವರೆಗೆ ಮನೆ. ಮಧ್ಯಾಹ್ನ ಎರಡು ಗಂಟೆ ನಿದ್ದೆ. ಅಳು ಇತ್ತು, ಸೀಮೆಸುಣ್ಣ ಮುರಿದದ್ದಕ್ಕೆ, ಐದು ನಿಮಿಷ. ಪಟ್ಟಿಯಿಂದ ನೀರಾಟದ ಉದ್ಯಾನವನ್ನು ಹೊಡೆದುಹಾಕಿದೆ. ವಸ್ತುಸಂಗ್ರಹಾಲಯ ಹತ್ತಿರವೇ ಇದೆ, ಅದನ್ನು ಉಳಿಸಿಕೊಂಡಿದ್ದೇನೆ, ಒಂದೇ ಕೋಣೆ ನೋಡಿ ಬರುತ್ತೇವೆ. ನಾಳೆ ಎಲ್ಲಿಗೆ ಎಂದು ಕೇಳಿದರೆ "ಇರುವೆಗೆ" ಎಂದಳು.

ಎರಡುಜಡೆ:
ಕಣ್ಣು ತುಂಬಿತು. ಸಮುದ್ರದ ವಾದವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ ಎಂದು ದಾಖಲಾಗಲಿ.

ಅಂಗಳದಜ್ಜ:
ಒಂದು ಭೂತಗನ್ನಡಿ ಕೊಡಿಸಿ, ಅಮ್ಮ. ಇರುವೆಯ ಮೀಸೆ ಕಾಣುತ್ತದೆ.

ಬಿಳಿಸೆರಗು:
ನೆರಳಿನಲ್ಲಿ ಮಾತ್ರ. ಬಿಸಿಲಿಗೆ ಹಿಡಿದರೆ ಅದು ಇರುವೆಯನ್ನೂ ಸುಡುತ್ತದೆ, ಬೆರಳನ್ನೂ ಸುಡುತ್ತದೆ. ಅದರೊಳಗಿಂದ ಸೂರ್ಯನನ್ನು ನೋಡಿದರೆ ಕಣ್ಣೇ ಹೋಗುತ್ತದೆ. ಕೆಲಸ ಮುಗಿದ ಕೂಡಲೇ ನಿಮ್ಮ ಜೇಬಿಗೆ ಹಾಕಿಕೊಳ್ಳಿ.

ನೀಲಿಕೊಡೆ:
ಭೂತಗನ್ನಡಿ ಸಿಕ್ಕಿತು, ನನ್ನ ಜೇಬಿನಲ್ಲೇ ಇದೆ. ಇನ್ನೂ ಆರು ಗಂಟೆ, ಅವಳು ಆಗಲೇ ಎದ್ದು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಳೆ. ಹೊರಟೆವು.